ಕೈ ಎತ್ತುವ ಪರೀಕ್ಷೆ

ನಾನು ಕೋರ್ಟ್ ರಿಪೋರ್ಟರ್ ಎಂದ ಕೂಡಲೇ ಜನ ಕೇಳುವುದು, "ಯಾವ ಚಾನೆಲ್ಲು?" ಯಾವ ಚಾನೆಲ್ಲೂ ಅಲ್ಲ ಮಹಾರಾಯರೇ! ದೊಡ್ಡ ದೊಡ್ಡ ಕಂಪನಿಗಳು ಜಗಳವಾಡಿಕೊಂಡು ಮಧ್ಯಸ್ಥಗಾರರ ಮುಂದೆ ಬಂದು ಕೂತಾಗ, ಅಲ್ಲಿ ಯಾರು ಏನೆಂದರು ಎಂಬುದನ್ನು ಒಂದಕ್ಷರ ಬಿಡದೆ ಪುಟ್ಟ ಯಂತ್ರದ ಮೇಲೆ ಬಡಿದು ಇಳಿಸುವವಳು ನಾನು. ಕೋಣೆಯಲ್ಲಿ ಎಲ್ಲರಿಗಿಂತ ಒಳ್ಳೆಯ ಕುರ್ಚಿ ನನ್ನದೇ. ಸಾಕ್ಷಿ ಉಗುಳು ನುಂಗಿದ್ದೂ ನನಗೆ ಕೇಳಿಸುತ್ತದೆ. ಆದರೆ ಆ ಕೋಣೆಯಲ್ಲಿ ಬಾಯಿ ಬಿಡದವಳು ನಾನೊಬ್ಬಳೇ.

ನಮಗೆ ಪರವಾನಗಿ ಕೊಡುವ ಸಂಸ್ಥೆ ಸಮುದ್ರದಾಚೆಯದು. ಕಲಿತದ್ದು ಹಳಸುತ್ತದೆ ಎಂದು ಅವರ ನಂಬಿಕೆ. ಹಾಗಾಗಿ ಕೆಲವು ವರ್ಷಗಳಿಗೊಮ್ಮೆ ನಾವೆಲ್ಲ ಮತ್ತೆ ತರಗತಿಯಲ್ಲಿ ಕೂತು ಪರೀಕ್ಷೆ ಕೊಡಬೇಕು, ಇಲ್ಲದಿದ್ದರೆ ಪರವಾನಗಿ ರದ್ದು. ನಾನು ಈ ಸಲ ಇವತ್ತು ನಾಳೆ ಎಂದು ತಳ್ಳುತ್ತಾ ಕಟ್ಟಕಡೆಯ ಭಾನುವಾರಕ್ಕೆ ಬಂದು ನಿಂತಿದ್ದೆ. ಮರುದಿನದಿಂದ ನನ್ನ ಮೊಟ್ಟಮೊದಲ ನೇರ ಪರದೆಯ ಕೆಲಸ ಶುರುವಾಗಬೇಕಿತ್ತು. ನಾನು ಬಡಿದ ಮಾತು ಆ ಕ್ಷಣವೇ ವಕೀಲರ ಮುಂದಿನ ಪರದೆಗಳ ಮೇಲೆ ಮೂಡುವಂಥ ಕೆಲಸ ಅದು. ಅದಕ್ಕಾಗಿ ವರ್ಷಗಟ್ಟಲೆ ಆಸೆಪಟ್ಟು ಕಾದಿದ್ದೆ. ಸಂಜೆಯೊಳಗೆ ಪಾಸಾಗದಿದ್ದರೆ ಆ ಕುರ್ಚಿಯಲ್ಲಿ ಬೇರೆ ಯಾರೋ ಕೂರುತ್ತಿದ್ದರು.

ಪಾಸಾಗದೆ ಏನು ಎಂಬ ಜಂಬ ನನಗೆ. ಪುಣೆಯ ಧನಕವಡಿಯ ನಮ್ಮ ಮನೆಯಲ್ಲಿ ಅತ್ತೆ ಮತ್ತು ಇಬ್ಬರು ನಾದಿನಿಯರು ಬೆಳಗಿನ ಚಹಾದಿಂದ ಹಿಡಿದು ಒಟ್ಟೊಟ್ಟಿಗೇ ಮಾತಾಡುತ್ತಾರೆ. ಒಬ್ಬರು ಮುಗಿಸಲಿ, ಆಮೇಲೆ ಹೇಳೋಣ ಎಂಬ ಪದ್ಧತಿ ಆ ಮನೆಗೆ ಗೊತ್ತಿಲ್ಲ. ನಾನು ಮದುವೆಯಾಗಿ ಬಂದಾಗಿನಿಂದ ಮೂರೂ ಮಾತುಗಳನ್ನು ಬೇರೆ ಬೇರೆ ಎಳೆಯಾಗಿ ಕೇಳಿಸಿಕೊಂಡೇ ಚಪಾತಿ ಲಟ್ಟಿಸುತ್ತಿದ್ದೇನೆ. ಹೀಗಾಗಿ ಮೂವರು ವಕೀಲರು ಒಮ್ಮೆಲೇ ಕೂಗಿದರೂ ನನ್ನ ಬೆರಳು ತಡವರಿಸುವುದಿಲ್ಲ. ಬೇರೆ ರಿಪೋರ್ಟರುಗಳು ಇದಕ್ಕಾಗಿ ನನ್ನನ್ನು ಕಂಡು ಹೊಟ್ಟೆ ಉರಿದುಕೊಳ್ಳುತ್ತಾರೆ, ಅದೂ ನನಗೆ ಬಲು ಇಷ್ಟ.

ತರಗತಿ ಊರಿನ ಕ್ಯಾಂಪ್ ಎಂಬ ಬಡಾವಣೆಯಲ್ಲಿ, ಮಂಗಳೂರು ಕಡೆಯ ದಂಪತಿಯ ಹೋಟೆಲಿನ ಮೇಲಿನ ಹಾಲಿನಲ್ಲಿತ್ತು. ಕೆಳಗಿನಿಂದ ಸಾಂಬಾರಿನ ಘಮ ಏರಿ ಬರುತ್ತಿತ್ತು. ಗುರುಗಳು ಪುಣೆಯವರೇ, ನಿವೃತ್ತ ರಿಪೋರ್ಟರು. ಬಂದವರೇ ಮರಾಠಿಯಲ್ಲಿ, "ಸೆಕೆ ಆಗುತ್ತಿದೆಯೇ? ಫ್ಯಾನು ಜೋರು ಮಾಡಲೇ?" ಎಂದರು. ಯಾರೂ ಉತ್ತರ ಕೊಡಲಿಲ್ಲ. ಹಾಲಿನ ತುಂಬ ಬರೀ ಟಕಟಕ ಸದ್ದು. ಯಾರೋ ಮಾತಾಡಿದರು ಎಂದ ಕೂಡಲೇ ನಮ್ಮೆಲ್ಲರ ಬೆರಳುಗಳು ತಾವಾಗಿಯೇ ಅದನ್ನು ಬರೆದುಕೊಂಡುಬಿಟ್ಟಿದ್ದವು! ಅವರು ಮತ್ತೊಮ್ಮೆ ಕೇಳಿದರು, ನಾವು ಮತ್ತೊಮ್ಮೆ ಬರೆದುಕೊಂಡೆವು. ನನ್ನ ಪಕ್ಕದಲ್ಲಿ ಮೈಸೂರಿನ ಹುಡುಗಿ ಕೂತಿದ್ದಳು. ಐಟಿ ಕೆಲಸಕ್ಕೆಂದು ಪುಣೆಗೆ ಬಂದು, ಅದನ್ನು ಬಿಟ್ಟು ನಮ್ಮ ಕಸುಬಿಗೆ ಇಳಿದವಳು. ಅವಳು ಪರದೆ ನೋಡಿಕೊಂಡು, "ಅಕ್ಕಾ, ಫ್ಯಾನ್ ಬಗ್ಗೆ ಏನೋ ಕೇಳ್ತಿದಾರೆ, ಎರಡು ಸಲ ಇದೆ ಇಲ್ಲಿ," ಎಂದಳು. ನಮಗಿಬ್ಬರಿಗೂ ಶುರುವಾದ ನಗು ಪರೀಕ್ಷೆಯವರೆಗೆ ನಿಲ್ಲಲಿಲ್ಲ.

ಪರೀಕ್ಷೆ ಎಂದರೆ ಒಬ್ಬೊಬ್ಬರಿಗೂ ಒಂದೊಂದು ಅಣಕು ವಿಚಾರಣೆ. ವಕೀಲರ ಪಾತ್ರಕ್ಕೆ ಬರಬೇಕಿದ್ದವರು ಕೈಕೊಟ್ಟಿದ್ದರಿಂದ ಗುರುಗಳು ಕೆಳಗೆ ಹೋಗಿ ಹೋಟೆಲಿನ ಯಜಮಾನರನ್ನೂ ಅವರ ಹೆಂಡತಿಯನ್ನೂ ಕರೆತಂದರು. ಮೊಕದ್ದಮೆಯನ್ನೂ ಅಲ್ಲಿಯೇ ಹೊಸೆದರು. ಇಡ್ಲಿಗೆ ಎರಡನೆಯ ಸಲ ಚಟ್ನಿ ಕೇಳುವುದು ಗಿರಾಕಿಯ ಹಕ್ಕೋ ಅಲ್ಲವೋ? ಗಂಡ ಹೋಟೆಲಿನ ಪರ, ಹೆಂಡತಿ ಗಿರಾಕಿಯ ಪರ, ಗುರುಗಳೇ ಮಧ್ಯಸ್ಥಗಾರರು.

ನನ್ನ ಸರದಿ ಬಂದಾಗ ಇಂಗ್ಲಿಷಿನಲ್ಲಿ ಗಂಭೀರವಾಗಿ ಶುರುವಾದದ್ದು ಐದಾರು ಮಾತಿಗೇ ಹಳಿ ತಪ್ಪಿತು.

"ಚಟ್ನಿ ಮತ್ತೆ ಹಾಕುವುದು ನಮ್ಮ ದೊಡ್ಡತನ, ಅವರ ಹಕ್ಕಲ್ಲ!" ಎಂದರು ಯಜಮಾನರು.

"ದೊಡ್ಡತನವಾ? ನಿಮ್ಮದಾ? ಬೆಳಗಾತ ಎದ್ದು ಕಾಯಿ ಹೆರೆಯುವುದು ಯಾರು ಮಾರಾಯ್ರೆ?"

"ಅದು ಇಲ್ಲಿ ಎಂತಕ್ಕೆ?"

"ಇಲ್ಲಿ ಅಲ್ಲದೆ ಮತ್ತೆಲ್ಲಿ ಹೇಳುವುದು? ಕೆಳಗೆ ನೀವು ಕೇಳ್ತೀರಾ?"

ಆಮೇಲೆ ಇಬ್ಬರೂ ಒಟ್ಟಿಗೇ. ನಡುವೆ ಸುಮ್ಮನಿರಿ ಎಂದು ಗುರುಗಳ "ಶಾಂತ ವ್ಹಾ, ಶಾಂತ ವ್ಹಾ". ನನಗೆ ಹಬ್ಬ! ನಮ್ಮ ಯಂತ್ರ ಹಿಡಿಯುವುದು ಸದ್ದನ್ನು, ಭಾಷೆ ಯಾವುದಾದರೇನು. ಮೂರೂ ಬಾಯಿಗಳ ಒಂದೊಂದು ಸೊಲ್ಲನ್ನೂ ಹಿಡಿದು ಹಾಕಿ, ಯುದ್ಧ ಗೆದ್ದು ಬಂದವಳಂತೆ ಬೀಗುತ್ತಾ ಕೂತೆ.

ಗುರುಗಳು ನನ್ನ ಹಾಳೆಗಳನ್ನು ಓದಿದರು. "ಎಲ್ಲಾ ಇದೆ," ಎಂದರು, "ಆದರೆ ಅರ್ಧರ್ಧ ವಾಕ್ಯ ಒಂದರೊಳಗೊಂದು ಸಿಕ್ಕಿಕೊಂಡು ಚುರುಮುರಿ ಕಲಸಿದ ಹಾಗಿದೆ. ನಾಳೆ ನ್ಯಾಯ ಕೇಳುವವನು ಇದನ್ನು ಹೇಗೆ ಓದಬೇಕು? ಕೈ ಎತ್ತಿ ಅವರನ್ನು ನಿಲ್ಲಿಸಬೇಕಿತ್ತು. ಇವತ್ತಿನ ಪಾಠವೇ ಅದು, ತಾಯಿ. ನಾಪಾಸು."

ನಾಪಾಸು! ನನಗೆ ಸಿಟ್ಟು ನೆತ್ತಿಗೇರಿತು, ಅದರ ಹಿಂದೆಯೇ ಅಳುವೂ ಬಂತು. ಊಟವಾದ ಮೇಲೆ ಇನ್ನೊಂದು ಅವಕಾಶ, ಅದೇ ಕೊನೆಯದು ಎಂದರು. ನಿಜ ಹೇಳಬೇಕೆಂದರೆ ನನಗೆ ಭಯವಾಗಿತ್ತು. ಮಾತಾಡುವವರನ್ನು ತಡೆದು ನಿಲ್ಲಿಸುವುದು ನನ್ನ ಕೈಲಾಗದ ಕೆಲಸ. ಮನೆಯಲ್ಲಿ ಮಾಡಿದವಳಲ್ಲ, ಕೆಲಸದಲ್ಲಿಯೂ ಮಾಡಿದವಳಲ್ಲ.

ಕೆಳಗೆ ಊಟಕ್ಕೆ ಕೂತಾಗ ಮೈಸೂರಿನ ಹುಡುಗಿ ನನಗೆ ತಾಲೀಮು ಕೊಟ್ಟಳು. ಹಾದುಹೋಗುವ ಮಾಣಿಗಳನ್ನೆಲ್ಲ ನಾನು ಕೈ ಎತ್ತಿ ನಿಲ್ಲಿಸಬೇಕು. ಕೈ ಕಿವಿಯವರೆಗೆ ಹೋಗಿ ಕೂದಲು ಸರಿಮಾಡಿಕೊಂಡು ವಾಪಸು ಬರುತ್ತಿತ್ತು. "ಎಕ್ಸ್‌ಕ್ಯೂಸ್ ಮಿ" ಎಂದರೆ ತಟ್ಟೆ ಹಿಡಿದವರು ನಿಲ್ಲದೆ ಹೋಗುತ್ತಿದ್ದರು.

"ಅಕ್ಕಾ, ಇದು ದೇವರಿಗೆ ಕೈ ಮುಗಿದ ಹಾಗಿದೆ," ಎಂದಳು. "ರಿಕ್ವೆಸ್ಟ್ ಮಾಡ್ಬೇಡಿ, ಸ್ಟಾಪ್ ಮಾಡಿ!"

"ನನಗ ಆಗಂಗಿಲ್ಲ ಬಿಡವಾ," ಎಂದೆ. ಅನ್ನ ಕಲಸಿಟ್ಟದ್ದು ಹಾಗೇ ಇತ್ತು.

ಎರಡನೆಯ ಸಲ ದಂಪತಿ ಪಾತ್ರವನ್ನೆಲ್ಲ ಗಾಳಿಗೆ ತೂರಿಯೇ ಬಂದಿದ್ದರು. ಕೂತ ಕೂಡಲೇ ಮಳೆ ಸುರಿದಂತೆ ಶುರುವಾಯಿತು. ಚಟ್ನಿಯಿಂದ ಮಿಕ್ಸಿಗೆ, ಮಿಕ್ಸಿಯಿಂದ ಹೆಂಡತಿಯ ಅಣ್ಣನ ಮದುವೆಗೆ ಗಂಡ ಬಾರದೇ ಹೋದದ್ದಕ್ಕೆ. ನನ್ನ ಹಾಳು ಬೆರಳುಗಳು ಮೊದಲಿನ ಅದೇ ಖುಷಿಯಲ್ಲಿ ಎಲ್ಲವನ್ನೂ ಹಿಡಿಯುತ್ತಿದ್ದವು. ಗುರುಗಳು ನನ್ನನ್ನೇ ನೋಡುತ್ತಿದ್ದರು. ನಾಳೆಯ ಕುರ್ಚಿ ಕಣ್ಣೆದುರಿಗೆ ಬಂತು, ಅದರಲ್ಲಿ ಬೇರೆ ಯಾರೋ ಕೂತಿದ್ದು ಕಂಡಿತು. ಕೀಲಿಗಳ ಮೇಲಿನಿಂದ ಕೈ ಕಿತ್ತೆ. ಕಿತ್ತೆ ಎಂದೇ ಹೇಳಬೇಕು, ಅಂಟಿಕೊಂಡಿತ್ತು. ಎದ್ದು ನಿಂತೆ. ಬಾಯಿಪಾಠ ಮಾಡಿದ ಇಂಗ್ಲಿಷು ಯಾವ ಮೂಲೆಗೆ ಹೋಯಿತೋ, ಹೊರಗೆ ಬಂದದ್ದು ಮಾತ್ರ ಇದು:

"ಏ! ಒಬ್ಬೊಬ್ರ ಮಾತಾಡ್ರಿ! ನಾನೂ ಇಲ್ಲೇ ಅದೀನಿ!"

ಗಂಡ ನಿಲ್ಲಿಸಿದರು. ಹೆಂಡತಿ ನಿಲ್ಲಿಸಿದರು. ಕೆಳಗೆ ಅಡುಗೆಮನೆಯಲ್ಲಿ ತಟ್ಟೆಗಳ ಸದ್ದು ಕೂಡ ನಿಂತಿತು, ನಾನು ಅಷ್ಟು ಜೋರಾಗಿ ಕೂಗಿದ್ದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಗುರುಗಳು ಮೆಲ್ಲಗೆ ಯಂತ್ರದ ಕಡೆ ಬೆರಳು ತೋರಿಸಿದರು. ನಿಯಮವಿದೆ, ರಿಪೋರ್ಟರ್ ಮಾತಾಡಿದರೆ ಅದೂ ದಾಖಲೆಯಾಗಬೇಕು. ಕೂತು ಬರೆದೆ. ಮಾತಾಡಿದವರು ಯಾರು ಎಂದು ಮೊದಲು ನಮೂದಿಸಬೇಕಲ್ಲ, ವಕೀಲ, ಸಾಕ್ಷಿ, ಮಧ್ಯಸ್ಥಗಾರ, ಎಲ್ಲರ ಗುರುತನ್ನೂ ಲಕ್ಷ ಸಲ ಒತ್ತಿದ್ದ ಬೆರಳುಗಳು ‘ರಿಪೋರ್ಟರ್’ ಎಂಬುದಕ್ಕೆ ತಡಕಾಡಿದವು. ಕೊನೆಗೆ ಪರದೆಯ ಮೇಲೆ ಮೂಡಿತು. ರಿಪೋರ್ಟರ್: ನಾನೂ ಇಲ್ಲೇ ಅದೀನಿ.

ಮೈಸೂರಿನ ಹುಡುಗಿ ಸಿಳ್ಳೆ ಹೊಡೆದಳು. ಹಾಲಿನಲ್ಲಿದ್ದವರೆಲ್ಲ ನಕ್ಕರು. ಆವರಣದೊಳಗೆ ‘ನಗು’ ಎಂದು ಬರೆಯುವುದು ನಮ್ಮ ಪದ್ಧತಿ, ಬರೆಯಲು ಹೋದೆ, ನಾನೇ ಬಿದ್ದು ಬಿದ್ದು ನಗುತ್ತಿದ್ದರಿಂದ ಆಗಲಿಲ್ಲ. ಗುರುಗಳು ಕಣ್ಣೊರೆಸಿಕೊಳ್ಳುತ್ತಾ ಪಾಸೆಂದರು. ಯಜಮಾನರ ಹೆಂಡತಿ ನನ್ನ ಹತ್ತಿರ ಬಂದು, "ಒಮ್ಮೊಮ್ಮೆ ಕೆಳಗೂ ಬಂದು ಹೀಗೇ ಹೇಳಿ ಆಯ್ತಾ," ಎಂದರು.

ಮನೆಯ ಬಾಗಿಲು ತೆಗೆಯುವಷ್ಟರಲ್ಲಿ ಅತ್ತೆ ನಲ್ಲಿ ನೀರಿನ ಬಗ್ಗೆ, ದೊಡ್ಡ ನಾದಿನಿ ಗ್ಯಾಸಿನ ಬಗ್ಗೆ, ಸಣ್ಣವಳು ಯಾರದೋ ನಿಶ್ಚಿತಾರ್ಥದ ಬಗ್ಗೆ ಒಟ್ಟಿಗೇ ಶುರುಮಾಡಿದರು. ಚೀಲ ಕೆಳಗಿಟ್ಟು ಕೈ ಎತ್ತಿದೆ.

ಮೂವರೂ ಸುಮ್ಮನಾದರು. ಆ ಮನೆಯಲ್ಲಿ ಫ್ರಿಜ್ಜಿಗೆ ಸದ್ದಿದೆ ಎಂಬುದು ನನಗೆ ಅವತ್ತೇ ಗೊತ್ತಾದದ್ದು.

"ಏನವಾ?" ಎಂದರು ಅತ್ತೆ, ಹೆದರಿ. "ಏನಾತು? ಹೇಳು."

"ಪಾಸಾದ್ನಿರಿ, ಅತ್ತಿ."

ಮೂವರೂ ಒಮ್ಮೆಲೇ ಕೂಗಿದರು. ಈ ಸಲ ನಾನು ತಡೆಯಲಿಲ್ಲ, ನಾಲ್ಕನೆಯವಳಾಗಿ ಅವರ ಜೊತೆ ಕೂಗಿದೆ.