ಮಡಿ ಪಂಚೆಯ ಫ್ರಿಜ್ಜು

ಒಣಗಿದ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದರೆ ಸಾಕು, ಒಳಗಿನ ಕೊಬ್ಬರಿ ಗುಂಡಾಗಿದೆಯೋ ಕೊಳೆತಿದೆಯೋ ಎಂದು ರುದ್ರಮ್ಮ ಹೇಳಿಬಿಡುತ್ತಾರೆ. ಮೂವತ್ತು ವರ್ಷಗಳಿಂದ ಹಾರನಹಳ್ಳಿಯಲ್ಲಿ ಬೆಳಗಿನ ಟೆಂಪೊ ಹತ್ತಿ, ಅರಸೀಕೆರೆಯ ಜಯದೇವಪ್ಪನವರ ಮಂಡಿಗೆ ಕರಟ ಬಿಡಿಸಲು ಹೋಗುತ್ತಿದ್ದಾರೆ. ಜಯದೇವಪ್ಪನವರೂ ರುದ್ರಮ್ಮನೂ ಒಂದೇ ಮಠದ ಭಕ್ತರು. ಅವರ ಲಿಂಗ ಬೆಳ್ಳಿಯ ಕರಡಿಗೆಯಲ್ಲಿದೆ, ಇವರದು ಬಟ್ಟೆಯ ಗಂಟಿನಲ್ಲಿ. ಮಠದಲ್ಲಿ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಾರೆ. ಮಾರನೆಯ ದಿನ ಮಂಡಿಯಲ್ಲಿ ಒಬ್ಬರು ಕುರ್ಚಿಯ ಮೇಲೆ, ಒಬ್ಬರು ಕರಟದ ರಾಶಿಯ ಪಕ್ಕ.

ನಮ್ಮ ಬೀದಿಯಲ್ಲಿ ಬಡತನಕ್ಕೂ ಮೂರು ನಮೂನೆ. ಅಕ್ಕಿ ಮಾತ್ರ ಒಂದೇ, ಸೊಸೈಟಿಯದು. ಬಿಕ್ಕೋಡಿನ ಕಾಫಿ ತೋಟದ ಕೂಲಿ ಬಿಟ್ಟು ಬಂದ ಉಗ್ರಪ್ಪ ಅದನ್ನು ಹಾಡುಹಗಲೇ ಹೆಗಲ ಮೇಲೆ ಹೊತ್ತು ತರುತ್ತಾನೆ. ರುದ್ರಮ್ಮನೂ ಸೊಂಟದ ಮೇಲೆ ಹೊತ್ತೇ ತರುತ್ತಾರೆ, ಆದರೆ ಎದುರು ಸಿಕ್ಕವರಿಗೆಲ್ಲ "ಹಸುಗೆ ಕಣ್ರೀ, ಗಂಜಿ ಕಾಯ್ಸಕ್ಕೆ" ಎನ್ನುತ್ತಾರೆ. ಹಸು ಸತ್ತು ನಾಲ್ಕು ವರ್ಷವಾಯಿತು. ಗುಡಿಯಲ್ಲಿ ನೈವೇದ್ಯ ಬೇಯಿಸುವ ವರದರಾಜರು ಅದೇ ಅಕ್ಕಿಯನ್ನು ಪ್ರಸಾದದ ಚೀಲಕ್ಕೆ ಸುರಿದು, ಮೇಲೊಂದು ಹಿಡಿ ತುಳಸಿ ಇಟ್ಟು ತರುತ್ತಿದ್ದರು.

ರುದ್ರಮ್ಮ ಉಗ್ರಪ್ಪನ ಮನೆಯಲ್ಲಿ ನೀರು ಕುಡಿಯುತ್ತಿರಲಿಲ್ಲ. ವರದರಾಜರ ಹೆಂಡತಿ ಕಮಲಮ್ಮ ರುದ್ರಮ್ಮನ ಮನೆಯಲ್ಲಿ ಕುಡಿಯುತ್ತಿರಲಿಲ್ಲ. ಸ್ಕೂಲ್ ಮೇಷ್ಟ್ರಾದ ನಾನು ಮೂರೂ ಮನೆಯಲ್ಲಿ ಕಾಫಿ ಕುಡಿಯುತ್ತೇನೆ. ಹಾಗಾಗಿ ಮೂರೂ ಮನೆಯಲ್ಲಿ ನನಗೆ ಮರ್ಯಾದೆ ಇಲ್ಲ.

ಹೋದ ವರ್ಷ ರೇಷನ್ ಕಾರ್ಡು ಪರಿಶೀಲಿಸಲು ಚೇತನ್‌ಕುಮಾರ್ ಎಂಬ ಅಧಿಕಾರಿ ಬಂದರು. ಫ್ರಿಜ್ ಇದ್ದವರ ಕಾರ್ಡು ಹೋಗುತ್ತದೆ ಎಂದು ಬೀದಿಯಲ್ಲೆಲ್ಲ ಗುಲ್ಲು. ವರದರಾಜರ ನಡುಮನೆಯಲ್ಲಿ ಆಳೆತ್ತರದ ಫ್ರಿಜ್ಜೊಂದು ನಿಂತಿತ್ತು. ಮೋಟಾರು ಕೆಟ್ಟು ಕಿತ್ತುಹಾಕಿದ ಮೇಲೆ ಯಾರೋ ಭಕ್ತರು ದಾನ ಮಾಡಿದ್ದು. ಇಲಿ ಕಾಟಕ್ಕೆ ಅದೇ ಮದ್ದೆಂದು ಕಮಲಮ್ಮ ಅದರೊಳಗೆ ಅಕ್ಕಿಯ ಚೀಲವನ್ನೂ ಗಂಡನ ಮಡಿ ಪಂಚೆಯನ್ನೂ ಇಡುತ್ತಿದ್ದರು.

"ಫ್ರಿಜ್ ಇದೆ ಅಲ್ವಾ ನಿಮ್ಮನೇಲಿ?" ಎಂದರು ಅಧಿಕಾರಿ.

"ಇದೆ," ಎಂದರು ವರದರಾಜರು, ಎದೆ ಸೆಟೆಸಿ. ಕೆಟ್ಟಿದೆ ಎನ್ನಲು ನಾಲಗೆ ಏಳಲಿಲ್ಲ.

"ಬಾಗಿಲು ತೆಗೀರಿ, ನೋಡೋಣ."

"ಒಳಗೆ ಮಡಿ ಇದೆ ಸಾರ್. ಮುಟ್ಟೋ ಹಾಗಿಲ್ಲ."

ಅಧಿಕಾರಿ ಮಡಿಯನ್ನು ಬರೆದುಕೊಳ್ಳಲಿಲ್ಲ, ಫ್ರಿಜ್ಜನ್ನು ಬರೆದುಕೊಂಡು ಹೋದರು. ಸಮಜಾಯಿಷಿ ಕೊಡದಿದ್ದರೆ ಕಾರ್ಡು ರದ್ದು ಎಂದು ನೋಟಿಸು ಬಂತು. ಗುಡಿಯ ಸಂಬಳದಲ್ಲಿ ಅಂಗಡಿ ಅಕ್ಕಿ ತಂದು ನಾಲ್ಕು ಜನ ಉಣ್ಣುವುದು ಆಗದ ಮಾತು. ಕಮಲಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು, ಅದೂ ಹಿತ್ತಿಲಿಗೆ ಹೋಗಿ.

ಸಮಜಾಯಿಷಿ ಬರೆದವನು ನಾನೇ. "ತಲೆತಲಾಂತರದಿಂದ ಗೌರವಾನ್ವಿತವಾಗಿ ಬಾಳಿಬಂದ ಈ ಕುಟುಂಬವು..." ಎಂದು ಶುರುಮಾಡಿ, ನನ್ನ ಭಾಷೆಗೆ ನಾನೇ ಕರಗುತ್ತ ಎರಡು ಪುಟ ತುಂಬಿಸಿದೆ. ಓದಿದ ಅಧಿಕಾರಿಗೆ ಇದು ಯಾರೋ ಜಹಗೀರುದಾರರ ಮನೆಯೇ ಇರಬೇಕು ಎನಿಸಿತಂತೆ. ಗುರುವಾರ ಬಂದು ಇನ್ನೊಮ್ಮೆ ನೋಡಿ ತೀರ್ಮಾನ ಮಾಡುತ್ತೇನೆ ಎಂದು ಹೇಳಿ ಕಳಿಸಿದರು.

ರುದ್ರಮ್ಮ ನನ್ನ ಕೈಯಲ್ಲೇ ಅರ್ಜಿಯ ನಕಲು ಓದಿಸಿ ಕೇಳಿದರು. "ಬಡವ್ರ ಅರ್ಜೀನ ಹಿಂಗಾ ಬರ್ಯೋದು ಮೇಷ್ಟ್ರೇ? ಮದ್ವೆ ಕಾಗ್ದ ಬರ್ದಂಗೈತೆ!"

ಗುರುವಾರ ಅವರು ಮಂಡಿಗೆ ಹೋಗಲಿಲ್ಲ. ಅಧಿಕಾರಿಯ ಹಿಂದೆಯೇ ವರದರಾಜರ ಜಗುಲಿ ಹತ್ತಿ, ಮೂವತ್ತು ವರ್ಷಗಳಲ್ಲಿ ದಾಟದ ಹೊಸಿಲನ್ನು ದಾಟಿ, ನೇರ ಫ್ರಿಜ್ಜಿನ ಮುಂದೆ ನಿಂತರು. ಬೆರಳ ಗೆಣ್ಣಿನಿಂದ ಮೂರು ಸಲ ಕುಟ್ಟಿ ಕಿವಿಯಿಟ್ಟರು.

"ಸಾರ್, ಇದ್ರೊಳಗೆ ತಿರುಳೇ ಇಲ್ಲ. ಉಗ್ರಾ, ಬಾರ್ಲಾ, ಎಳಿ ಇದನ್ನ ಈಚೆಗೆ!"

ಬೀದಿಯಲ್ಲಿ ನಿಂತಿದ್ದ ಉಗ್ರಪ್ಪ ಹೊಸಿಲಿನವರೆಗೆ ಬಂದು ಕಾಲು ತಡೆದ. "ಬಾಪ್ಪಾ, ಪರವಾಗಿಲ್ಲ," ಎಂದರು ಕಮಲಮ್ಮ, ಗಂಡನ ಮುಖ ನೋಡದೆ. ಅವನು ಎಳೆದ. ಹಿಂದೆ ಮೋಟಾರು ಇರಬೇಕಾದ ಜಾಗದಲ್ಲಿ ಜೇಡರಬಲೆಯಿತ್ತು.

"ಸರಿ, ಒಳಗೇನಿದೆ? ಅದನ್ನೂ ತೋರಿಸಿಬಿಡಿ," ಎಂದರು ಅಧಿಕಾರಿ.

"ಮಡಿ..." ಎಂದರು ವರದರಾಜರು.

"ಸ್ವಾಮ್ಯೋರೇ, ಮಡಿ ಕೆಟ್ರೆ ನಾಳೆ ಒಗ್ದು ಹಾಕ್ಬೋದು. ಕಾರ್ಡು ಹೋದ್ರೆ ಒಗ್ಯಕ್ಕಾಯ್ತದಾ?" ಎಂದರು ರುದ್ರಮ್ಮ.

ವರದರಾಜರು ತಾವೇ ಬಾಗಿಲು ತೆಗೆದರು. ಮೇಲೆ ಮಡಿ ಪಂಚೆ. ಕೆಳಗೆ ಪ್ರಸಾದದ ಚೀಲದಲ್ಲಿ ಸೊಸೈಟಿ ಅಕ್ಕಿ, ಅದರ ಮೇಲೆ ಒಣಗಿದ ತುಳಸಿ. ಅಧಿಕಾರಿ ಫೋಟೊ ತೆಗೆದುಕೊಂಡು, ಪಟ್ಟಿಯಲ್ಲಿದ್ದ ಫ್ರಿಜ್ಜನ್ನು ಹೊಡೆದುಹಾಕಿದರು. "ಕಾರ್ಡು ಇರುತ್ತೆ ಸ್ವಾಮಿ. ಇಷ್ಟನ್ನ ಮೊದಲೇ ಹೇಳೋದಲ್ವಾ?"

ಕಮಲಮ್ಮ ಎಲ್ಲರಿಗೂ ಒಳಗಿನ ಲೋಟದಲ್ಲೇ ಕಾಫಿ ತಂದರು. ಉಗ್ರಪ್ಪ ಒಂದು ಗುಟುಕು ಕುಡಿದು ಸಮಯ ನೋಡಿ ರುದ್ರಮ್ಮನತ್ತ ಮಾತು ಎಸೆದ: "ಅಕ್ಕೋ, ನಾಳೆ ನಮ್ಮನೇಲಿ ಕಾಫಿ."

"ನಾಳೆ ಮಂಡಿ ಐತೆ ಕಣ್ಲಾ."

"ನಾಡಿದ್ದು?"

"ನೋಡಾನ."

ಆ 'ನೋಡಾನ'ಕ್ಕೆ ಎರಡು ತಿಂಗಳು ಹಿಡಿಯಿತು. ಕೊನೆಗೂ ಹೋಗಿ ಕುಡಿದು ಬಂದ ರುದ್ರಮ್ಮ, ನಾನು ಕೇಳದಿದ್ದರೂ, "ಸಕ್ರೆ ಜಾಸ್ತಿ ಹಾಕ್ತಾರೆ" ಎಂದರು.

ಈಗ ವರದರಾಜರು ಅಕ್ಕಿಯನ್ನು ಬರೀ ಚೀಲದಲ್ಲಿ, ಹೆಗಲ ಮೇಲೆ ತರುತ್ತಾರೆ. ತುಳಸಿ ಇಲ್ಲ. ಮೊನ್ನೆ ಸೊಸೈಟಿಯಿಂದ ಬರುವಾಗ ಅಕ್ಕಿ ಹೊತ್ತ ರುದ್ರಮ್ಮ ಜೊತೆಯಾದರು.

"ಏನ್ ರುದ್ರಮ್ಮಾ, ಹಸು ಹೇಗಿದೆ?" ಎಂದು ವರದರಾಜರು ಕಿಚಾಯಿಸಿದರು.

"ಕರು ಹಾಕೈತೆ ಸ್ವಾಮ್ಯೋರೇ," ಎಂದು ರುದ್ರಮ್ಮ ಚೀಲವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು ನಡೆದರು.