ತಾಯಿಮರದ ಬುಡದ ಕೆಸರು

೨೦೦೬ರಲ್ಲಿ ನಾನು ಕಾರವಾರದ ಒಂದು ಸಂಶೋಧನಾ ಯೋಜನೆಯಲ್ಲಿ ಗುತ್ತಿಗೆ ಮೇಲೆ ಕ್ಷೇತ್ರ ಸಹಾಯಕಿಯಾಗಿದ್ದೆ. ಅಂಕೋಲೆಯ ಬೊಬ್ರುವಾಡದಲ್ಲಿ ಮೀನು ಮಾರುವವರ ಮನೆ ನಮ್ಮದು. ಆ ಮನೆಯಲ್ಲಿ ಹತ್ತನೇ ಇಯತ್ತೆ ದಾಟಿದವಳು ನಾನೊಬ್ಬಳೇ, ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ್ದೆ. ಆ ಹೆಮ್ಮೆ ಇವತ್ತಿಗೂ ಇದೆ. ಆಗ ಅದು ಸ್ವಲ್ಪ ಹೆಚ್ಚೇ ಇತ್ತು.

ಅಂಕೋಲೆಯ ಹತ್ತಿರ ಅಳಿವೆಯ ದಂಡೆಯಲ್ಲಿ ನಮ್ಮ ನರ್ಸರಿ. ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಸಸಿಗಳನ್ನು ಚೀಲದಲ್ಲಿ ಬೆಳೆಸಿ ಬೋಳಾದ ದಂಡೆಗೆ ನೆಡುವುದು ಕೆಲಸ. ಕೂಲಿಯವರಲ್ಲಿ ಹಿರಿಯಳು ಸೋಮಕ್ಕ. ಉಪ್ಪುನೀರಿನ ಗಜನಿ ಗದ್ದೆಯ ಒಡ್ಡು ಕೊಚ್ಚಿಹೋಗದಿರಲೆಂದು ಚಿಕ್ಕಂದಿನಿಂದ ಕಾಂಡ್ಲಾ ನೆಟ್ಟವಳು. ಅವರಲ್ಲೊಂದು ರೂಢಿಯಿತ್ತು: ಹಳೆಯ ಮರದ ಬುಡದಿಂದ ಒಂದು ಹಿಡಿ ಕೆಸರು ತಂದು ಗುಂಡಿಗೆ ಹಾಕಿ, ಆಮೇಲೆ ಸಸಿ ಇಡುವುದು. ತಾಯಿಕೆಸರು ಅನ್ನುತ್ತಿದ್ದರು.

ನಾನು ಅದನ್ನು ನಿಲ್ಲಿಸಿದೆ. ಹಳೆಯ ಕೆಸರೆಂದರೆ ಬೇರುಕೊಳೆ ರೋಗದ ಮನೆ ಎಂದು ತಿಳಿಹೇಳಿ, ಚೀಲಕ್ಕೆ ತುಂಬುವ ಮಣ್ಣನ್ನೂ ಡ್ರಮ್ಮಿನಲ್ಲಿ ಹಬೆಗೆ ಬೇಯಿಸಿದೆ. ಹೆಂಗಸರು ನಕ್ಕರು. “ಅಕ್ಕೋರೆ, ಉಪ್ಪು ಮೊದ್ಲೇ ಉಂಟು. ಹುಳಿ ಹಾಕೂದೊಂದೇ ಬಾಕಿ ಅಲ್ರಾ?” ಎಂದಳು ಸೋಮಕ್ಕ. ನಾನು ನಗಲಿಲ್ಲ.

ಮಳೆ ಮುಗಿದ ಮೇಲೆ ನೆಟ್ಟೆವು. ಎರಡು ತಿಂಗಳೊಳಗೆ ಸಸಿಗಳು ಹಳದಿಯಾಗಿ ಸಾಯತೊಡಗಿದ ಸುದ್ದಿ ಕಾರವಾರಕ್ಕೆ ಬಂತು. ನೆಡುವ ದಿನ ಸೋಮಕ್ಕನ ಬುಟ್ಟಿಯಲ್ಲಿ ಕೆಸರು ಕಂಡದ್ದು ನನಗೆ ನೆನಪಾಯಿತು. ಯಾವ ಸಾಲು ಸತ್ತಿದೆ, ಯಾವುದು ಉಳಿದಿದೆ ಎಂದು ಹೋಗಿ ನೋಡದೆ, ಕೊಳೆ ಆ ಕೆಸರಿನಿಂದಲೇ ಹರಡಿತೆಂದು ಕಾರವಾರದಲ್ಲೇ, ಹಬ್ಬುವಾಡದ ನನ್ನ ಬಾಡಿಗೆ ಕೋಣೆಯಲ್ಲಿ ಕೂತು ವರದಿ ಬರೆದೆ. ಯೋಜನೆಯ ಮುಖ್ಯಸ್ಥರು ಸೋಮಕ್ಕನನ್ನು ಕೆಲಸದಿಂದ ಬಿಡಿಸಿದರು. ಹೋಗುವಾಗ ಅವಳು ಹೇಳಿದ್ದಿಷ್ಟೇ: “ಕೆಸರು ತಂದದ್ದು ಹೌದು ಅಕ್ಕೋರೆ. ಕೊಳೆ ತಂದದ್ದಲ್ಲ.”

ವರದಿಗೆ ಪುರಾವೆ ಬೇಕು, ಕೊಳೆತ ಬೇರು ತನ್ನಿ ಎಂದರು ಮುಖ್ಯಸ್ಥರು. ದಂಡೆಗೆ ಹೋಗಿ ಸಾಲು ಸಾಲಾಗಿ ನೋಡಿದೆ. ನೆಡುವ ದಿನ ಸೋಮಕ್ಕನಿಗೆ ವಹಿಸಿದ್ದು ನೀರಿನಂಚಿನ ಎರಡು ಸಾಲು, ಅವಳು ಕದ್ದು ಕೆಸರು ಹಾಕಿದ್ದು ಅವಕ್ಕೇ. ಉಳಿದ ಸಾಲುಗಳಲ್ಲಿ ಮುಕ್ಕಾಲು ಪಾಲು ಸತ್ತಿದ್ದರೆ ಆ ಎರಡೂ ಸಾಲು ಹಸಿರಾಗಿದ್ದವು.

ಎರಡೂ ಕಡೆಯ ಬೇರು ಕಿತ್ತು ಕಾರವಾರಕ್ಕೆ ತಂದೆ. ಬೇರನ್ನು ಕಾಸ್ಟಿಕ್ ಪೊಟ್ಯಾಷ್ ದ್ರಾವಣದಲ್ಲಿ ಕುದಿಸಿ, ಟ್ರಿಪಾನ್ ಬ್ಲೂ ಎಂಬ ಬಣ್ಣ ಹಾಕಿದರೆ ಒಳಗಿರುವ ಶಿಲೀಂಧ್ರ ನೀಲಿಯಾಗಿ ಕಾಣುತ್ತದೆ. ನನ್ನ ಬೇಯಿಸಿದ ಮಣ್ಣಿನ ಬೇರು ಖಾಲಿ. ಸೋಮಕ್ಕನ ಸಾಲಿನ ಬೇರಿನ ತುಂಬ ನೀಲಿ ಎಳೆ, ನೀಲಿ ಗುಳ್ಳೆ. ಅದು ಮೈಕೊರೈಜಾ. ಬೇರಿನಿಂದ ಸಕ್ಕರೆ ಪಡೆದು, ಬದಲಿಗೆ ಕೆಸರಿನ ರಂಜಕ ಒದಗಿಸುವ, ಉಪ್ಪು ತಡೆಯಲು ನೆರವಾಗುವ ಶಿಲೀಂಧ್ರ. ಪರೀಕ್ಷೆಯಲ್ಲಿ ಇದರ ಬಗ್ಗೆ ನಾಲ್ಕು ಪುಟ ಬರೆದು ಒಳ್ಳೆಯ ಅಂಕ ತೆಗೆದವಳು ನಾನು. ಸಾವಿಗೆ ಅದೊಂದೇ ಕಾರಣ ಎನ್ನಲಾರೆ. ಕೊಳೆಯಂತೂ ಎಲ್ಲಿಯೂ ಇರಲಿಲ್ಲ.

ಹೊಸ ವರದಿ ಬರೆದು, ತಪ್ಪು ನನ್ನದೆಂದು ಸಹಿ ಹಾಕಿ ಕೊಟ್ಟೆ. ಮುಖ್ಯಸ್ಥರು ಓದಿ ಮೇಜಿನ ಮೇಲಿಟ್ಟರು.

“ನಿಮ್ಮ ಗುತ್ತಿಗೆ ಮಾರ್ಚಿಗೆ ಮುಗೀತದೆ. ಹಳೇ ವರದಿಯೇ ಇರಲಿ ಬಿಡಿ.”

ಬೇಡ ಸರ್ ಎಂದೆ. ಹೊಸದನ್ನೇ ಮೇಲಕ್ಕೆ ಕಳಿಸಿದರು.

ಅವರ ಒಪ್ಪಿಗೆ ಪಡೆದು, ಸೋಮಕ್ಕನನ್ನು ಮತ್ತೆ ಕೆಲಸಕ್ಕೆ ಕರೆಯಲು ಅವಳ ಮನೆಗೆ ಹೋದೆ. ಅವಳು ಕೂರಿ ಅನ್ನಲಿಲ್ಲ. “ಬರ್ತೆ. ಆದ್ರೆ ಗಿಡ ಕೊಂದವಳು ನಾನು ಅಂತ ಅಲ್ಲಿ ಎಲ್ಲರೂ ನಂಬಿದಾರೆ. ಅವ್ರ ಎದುರಿಗೇ ಹೇಳಿ,” ಎಂದಳು. ಮರುದಿನ ಬೆಳಿಗ್ಗೆ ಹೆಂಗಸರೆಲ್ಲ ಸೇರಿದಾಗ ಹೇಳಿದೆ. ಯಾರೂ ನಗಲಿಲ್ಲ, ಯಾರೂ ಸಮಾಧಾನ ಮಾಡಲಿಲ್ಲ. ಸೋಮಕ್ಕ ಬುಟ್ಟಿ ಹಿಡಿದು ಹಳೆಯ ಮರಗಳ ಕಡೆ ಹೊರಟಳು. ಈ ಸಲ ಎಲ್ಲರೂ ಅವಳ ಹಿಂದೆ ಹೋದರು, ನಾನೂ ಹೋದೆ.

ಮಾರ್ಚಿನ ನಂತರ ನನ್ನನ್ನು ಮತ್ತೆ ಕರೆಯಲಿಲ್ಲ. ಕಾರಣ ಯಾರೂ ಹೇಳಲಿಲ್ಲ. ಬೇರೆ ಕಡೆ ಇದೇ ಕೆಲಸ ಮುಂದುವರಿಸಿದೆ. ಆದರೆ ಬೇರು ಕಿತ್ತು ನೋಡದೆ, ನೆಟ್ಟವರನ್ನು ಕೇಳದೆ ಒಂದು ವರದಿಗೂ ಸಹಿ ಹಾಕಿಲ್ಲ. ವರದಿಯಲ್ಲಿ ಒಬ್ಬರ ಹೆಸರು ಬರೆಯುವ ಮೊದಲು ಇವತ್ತಿಗೂ ಇನ್ನೊಮ್ಮೆ ದಂಡೆಗೆ ಹೋಗಿ ಬರುತ್ತೇನೆ.