ಅಕ್ಕ ಆರಿಸಿದ ಹಿಮದ ಹಲಗೆ

ಅಕ್ಕನ ಬಲಗೈ ಹೆಬ್ಬೆರಳು ಹೊರಕ್ಕೆ ಬಾಗಿತ್ತು. ಚಿಕ್ಕವಳಿದ್ದಾಗ ಬಾವಿಯ ರಾಟೆಗೆ ಸಿಕ್ಕಿ ಮುರಿದದ್ದು ಸೊಟ್ಟಗೇ ಕೂಡಿಕೊಂಡಿತ್ತು. ಏನನ್ನು ಕೊಳ್ಳುವಾಗಲೂ ಆ ಬೆರಳೇ ಮೊದಲು ಮುಂದಾಗುತ್ತಿತ್ತು. ಸೌಟಾದರೆ ಹಿಡಿಯನ್ನು ಒತ್ತಿ ನೋಡುವುದು, ತುರಿಮಣೆಯಾದರೆ ಹಲ್ಲನ್ನು ಸವರಿ ನೋಡುವುದು. ಅಂಗಡಿಯವನು ಬೇಸತ್ತು ಬೇರೆ ಗಿರಾಕಿಯ ಕಡೆಗೆ ಹೋದರೂ ಅವಳಿಗೆ ಅವಸರವಿಲ್ಲ. "ಕಣ್ಣಿಗೆ ಚಂದ ಕಂಡು ಎಂತ ಮಾಡುದು? ಕೈಗೆ ಕೂರ್ಬೇಕು" ಎನ್ನುತ್ತಿದ್ದಳು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಉಡುಪಿಯ ಹೋಟೆಲೊಂದರಲ್ಲಿ ಹಿಟ್ಟು ರುಬ್ಬುತ್ತಿದ್ದವನು. ಭಾವನಿಗೆ ಡಚ್ಚರ ದೇಶದ ಐಂಡ್‌ಹೋವನ್ನಿನಲ್ಲಿ, ಕಂಪ್ಯೂಟರ್ ಚಿಪ್ಪಿನ ಕಾರ್ಖಾನೆಯಲ್ಲಿ ಕೆಲಸ. ಅಲ್ಲಿ ನಮ್ಮ ಕಡೆಯ ಅಡುಗೆಯ ಹೋಟೆಲು ತೆರೆದಾಗ, ದೋಸೆ ಹೊಯ್ಯಲು ಜನ ಬೇಕಂತೆ ಎಂದು ಕೇಳಿ ನನ್ನನ್ನು ಕರೆಸಿಕೊಂಡವಳು ಅಕ್ಕ. ತನ್ನ ಮನೆಯ ಹಿಂದುಗಡೆಯ ಕೋಣೆಯನ್ನೇ ನನಗೆ ಬಿಟ್ಟುಕೊಟ್ಟಳು.

ಊರ ಹೊರಗಿನ ಹಳೆಯ ಮನೆ ಅದು. ಗೇಟಿನಿಂದ ಬಾಗಿಲಿಗೆ ಬರುವ ದಾರಿ ಎಷ್ಟು ಉದ್ದವೆಂದರೆ, ಪಾರ್ಸೆಲ್ ತರುವವರು ಗೇಟಿನಲ್ಲೇ ನಿಂತು ಫೋನ್ ಮಾಡುತ್ತಿದ್ದರು. ಮನೆಯ ಕಡೆಯ ಅರ್ಧಕ್ಕೆ ಇಟ್ಟಿಗೆ ಹಾಸಿತ್ತು, ಗೇಟಿನ ಕಡೆಯ ಅರ್ಧ ಜಲ್ಲಿ. ಊರಿಂದ ತಂದ ಹಿಡಿಸೂಡಿಯಲ್ಲಿ ಅಕ್ಕ ದಿನಾ ಬೆಳಿಗ್ಗೆ ಅದನ್ನು ಗುಡಿಸುತ್ತಿದ್ದಳು.

"ನಿನ್ನ ಹಿಡಿಸೂಡಿ ಕಂಡ್ರೆ ಇಲ್ಲಿನ ಎಲೆಗಳಿಗೂ ಹೆದ್ರಿಕೆ" ಎಂದರೆ, "ನಿನಗೂ ಸ್ವಲ್ಪ ಇರ್ಲಿ" ಎನ್ನುತ್ತಿದ್ದಳು.

ಒಂದು ವರ್ಷ ಹಿಮ ಬಿದ್ದಾಗ ನಾನು ಆ ದಾರಿಯಲ್ಲಿ ಸೈಕಲ್ ಸಮೇತ ಜಾರಿ ಬಿದ್ದು ಮೊಣಕೈ ತರಚಿಕೊಂಡೆ. ಮುಂದಿನ ಚಳಿಗಾಲಕ್ಕೆ ಮೊದಲೇ ಅಕ್ಕ ನನ್ನನ್ನು ಬಸ್ಸಿನಲ್ಲಿ ಅಂಗಡಿಗೆ ಎಳೆದುಕೊಂಡು ಹೋದಳು, ಹಿಮ ತೆಗೆಯುವ ಸಾಮಾನು ಆರಿಸಲಿಕ್ಕೆ.

ಅಂಗಡಿಯ ಹುಡುಗ ಮೊದಲು ಮೋಟಾರಿನ ಯಂತ್ರ ತೋರಿಸಿದ. ಅಕ್ಕ ಅವನಿಗೆ ಡಚ್ಚಿನಲ್ಲಿ ನಯವಾಗಿ ಏನೋ ಹೇಳಿ, ನನ್ನ ಕಡೆ ತಿರುಗಿ, "ಜಲ್ಲಿ ಉಂಟಲ್ಲ, ಕಲ್ಲೆಲ್ಲ ಹಾರಿ ಪಕ್ಕದವರ ಕಿಟಕಿಗೆ ಬಿದ್ರೆ ಇವ ಬರ್ತಾನಾ?" ಎಂದಳು. ಕಬ್ಬಿಣದ ಸಲಿಕೆಯನ್ನು ಎತ್ತಿ ನೋಡಿ ಇಟ್ಟುಬಿಟ್ಟಳು: "ಖಾಲಿ ಇರುವಾಗ್ಲೇ ಇಷ್ಟು ಭಾರ. ಹಿಮವನ್ನು ಎತ್ಲಿಕ್ಕೇ ಹೋಗ್ಬಾರ್ದು, ತಳ್ಬೇಕು." ಕೊನೆಗೆ ಅವಳ ಬೆರಳು ಒಪ್ಪಿದ್ದು ಉದ್ದ ಹಿಡಿಯ, ಚಕ್ರವಿದ್ದ ಅಗಲ ಹಲಗೆಯನ್ನು. ಅಷ್ಟಕ್ಕೇ ಬಿಡಲಿಲ್ಲ. ತೋಟದ ಮಣ್ಣಿನ ಚೀಲವೊಂದನ್ನು ನನ್ನಿಂದ ನೆಲಕ್ಕೆ ಹಾಕಿಸಿ, ಅದನ್ನು ಆ ಹಲಗೆಯಿಂದ ಅಂಗಡಿಯ ಈ ತುದಿಯಿಂದ ಆ ತುದಿಗೆ ತಳ್ಳಿದಳು. ಜನ ದಾರಿ ಬಿಟ್ಟು ನಿಂತರು.

"ನಿನ್ನ ದೋಸೆ ಸಟ್ಟುಗದ ಅಣ್ಣನ ಹಾಗೆ ಉಂಟು ನೋಡು!"

ಹಿಡಿಯನ್ನು ಇಳಿಸಿ ತನ್ನ ಎತ್ತರಕ್ಕೆ ಸರಿಮಾಡಿಕೊಂಡು ಸ್ಕ್ರೂ ಬಿಗಿದಳು. ಅದನ್ನು ಬಸ್ಸಿನಲ್ಲಿ ತರುವಂತಿರಲಿಲ್ಲ. ಮನೆಗೆ ಕಳಿಸಿಕೊಡುತ್ತೇವೆ ಎಂದ ಹುಡುಗ. ಅಕ್ಕ ನನ್ನ ಬೆನ್ನು ತಟ್ಟಿ, ಇದನ್ನೇ ತೆಗೆದಿಡಿ, ನನ್ನ ತಮ್ಮ ಹೋಟೆಲಿನ ವ್ಯಾನಿನಲ್ಲಿ ಬಂದು ಒಯ್ಯುತ್ತಾನೆ ಎಂದಳು. ಹೊರಗೆ ಬಂದ ಮೇಲೆ ನನಗೆ ಹೇಳಿದಳು: "ತಮ್ಮ ಇರುವಾಗ ಬೇರೆಯವರು ಯಾಕೆ ತಂದುಕೊಡ್ಬೇಕು?"

ನಾನು ಹೋಗಲಿಲ್ಲ. ಈ ವಾರ ಎಂದೆ, ಮುಂದಿನ ವಾರ ಎಂದೆ. ಕಾವಲಿಯ ಮುಂದೆ ಇಡೀ ದಿನ ನಿಂತು ಬಂದವನಿಗೆ ರಜೆಯ ದಿನ ಕಾಲು ನೆಲಕ್ಕೆ ಊರಲು ಮನಸ್ಸಾಗುತ್ತಿರಲಿಲ್ಲ. ದಣಿವು ಸುಳ್ಳಲ್ಲ. ಆದರೆ ಇಸ್ಪೀಟಿಗೆ ಗೆಳೆಯರು ಕರೆದರೆ ಅದೇ ಕಾಲು ಹೋಗುತ್ತಿತ್ತು.

"ಇಲ್ಲಿ ಸ್ನೋ ಬೀಳುದೇ ಅಪರೂಪ ಅಕ್ಕ. ಬಿದ್ರೂ ಮಧ್ಯಾಹ್ನಕ್ಕೆ ನೀರು."

"ಮಧ್ಯಾಹ್ನ ಹೋಗುವವನಾ ನೀನು ಕೆಲಸಕ್ಕೆ?"

ಕೊನೆಗೆ ಹಿಮ ಬಿದ್ದೇಬಿಟ್ಟಿತು. ಭಾವ ಕಾರ್ಖಾನೆಯ ಕೆಲಸದ ಮೇಲೆ ಬೇರೆ ದೇಶಕ್ಕೆ ಹೋಗಿದ್ದರು. ನಸುಕಿನಲ್ಲಿ ನನಗೆ ಎಚ್ಚರವಾದದ್ದು ಹಿಡಿಸೂಡಿಯ ಸದ್ದಿಗೆ. ಆಮೇಲೆ ತೋಟದ ಸಲಿಕೆ ಇಟ್ಟಿಗೆಯ ಮೇಲೆ ಕೆರೆಯುವ ಸದ್ದು. ಅಕ್ಕನೇ ಎಂದು ಗೊತ್ತು. ಏಳಬೇಕೆಂದೂ ಗೊತ್ತು. ಇನ್ನೊಂದು ಸ್ವಲ್ಪ ಹೊತ್ತು ಎಂದು ಹೊದಿಕೆ ಎಳೆದುಕೊಂಡೆ. ಸದ್ದು ಮನೆಯಿಂದ ದೂರ ದೂರ ಹೋಯಿತು. ಕೆರೆತ ನಿಂತು ಜಲ್ಲಿಯ ಗರಗರ ಶುರುವಾದಾಗ ಅಕ್ಕ ಅರ್ಧ ದಾರಿ ಮುಗಿಸಿದಳೆಂದು ಲೆಕ್ಕ ಹಾಕಿದೆ. ಎದ್ದರೆ ಇನ್ನರ್ಧ ನನ್ನ ಪಾಲಿಗೆ ಬರುತ್ತಿತ್ತು. ನಾನು ಕಣ್ಣು ಮುಚ್ಚಿಯೇ ಇದ್ದೆ.

ಅಡುಗೆಮನೆಗೆ ಹೋದಾಗ ಅಕ್ಕ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಮುಖ ಕೆಂಪಾಗಿತ್ತು. ಆ ಸೊಟ್ಟ ಬೆರಳು ಚಳಿಗೆ ಸೆಟೆದು ಮಡಚುತ್ತಿರಲಿಲ್ಲ.

"ನನ್ನನ್ನು ಎಬ್ಬಿಸ್ಬಾರ್ದಿತ್ತಾ ಅಕ್ಕ?"

"ಎಚ್ಚರ ಇದ್ದವನನ್ನು ಎಬ್ಬಿಸುದು ಹೇಗೆ ಮಾರಾಯ?" ಎಂದಳು. ಸಿಟ್ಟಿರಲಿಲ್ಲ. "ಕಾಫಿ ಕುಡಿ, ಹೊತ್ತಾಯ್ತು."

ಹೊರಗೆ ಬಂದು ನೋಡಿದೆ. ಬಾಗಿಲಿನಿಂದ ಗೇಟಿನವರೆಗೂ ಒಂದು ಸಣ್ಣ ದಾರಿ. ಕಾರಿಗೆ ಸಾಲದು. ನನ್ನ ಸೈಕಲ್ಲಿನ ಹ್ಯಾಂಡಲ್ಲಿಗೆ ಸರಿಯಾಗಿತ್ತು.

ಅವತ್ತೇ ಸಂಜೆ ಹೋಟೆಲಿನ ವ್ಯಾನಿನಲ್ಲಿ ಹೋಗಿ ಹಲಗೆ ತಂದೆ. ಹಿಮವೆಲ್ಲ ಕರಗಿ ಹೋಗಿತ್ತು. ಅಕ್ಕ ಒದ್ದೆ ಇಟ್ಟಿಗೆಯ ಮೇಲೆ ಒಮ್ಮೆ ತಳ್ಳಿ ನೋಡಿ, "ಕೈಗೆ ಕೂತಿತು" ಎಂದಳು. ಆ ವರ್ಷ ಮತ್ತೆ ಹಿಮ ಬೀಳಲಿಲ್ಲ. ಬೇಸಿಗೆಗೆ ಮೊದಲೇ ಅಕ್ಕ ಹೋದಳು. ಹೃದಯದ ತೊಂದರೆ ಮೊದಲಿಂದಲೇ ಒಳಗೆ ಬೆಳೆದಿತ್ತಂತೆ, ಹಿಮ ತೆಗೆದದ್ದಕ್ಕೂ ಅದಕ್ಕೂ ಸಂಬಂಧವಿಲ್ಲವೆಂದು ಡಾಕ್ಟರು ಭಾವನಿಗೆ ಹೇಳಿದರು. ಭಾವ ಅದನ್ನು ನನಗೆ ಹೇಳಿ ಸಮಾಧಾನ ಮಾಡಿದರು. ನಾನು ಅವತ್ತು ಎಚ್ಚರವಿದ್ದೆ ಎಂಬುದು ಅವರಿಗೆ ಗೊತ್ತಿಲ್ಲ. ಹೇಳಲು ಬಾಯಿ ಬಂದಿಲ್ಲ.

ಕಳೆದ ಚಳಿಗಾಲದಲ್ಲಿ ಹಿಮ ಬಿದ್ದಾಗ ಆ ಹಲಗೆ ಹಿಡಿದು ದಾರಿಗೆ ಇಳಿದೆ. ನಾನು ಅಕ್ಕನಿಗಿಂತ ತುಂಬ ಎತ್ತರ. ಬಗ್ಗಿ ತಳ್ಳುವುದನ್ನು ನೋಡಿ ಭಾವ ಬಾಗಿಲಿಂದ ಕೂಗಿದರು: "ಆ ಹಿಡಿ ಸ್ವಲ್ಪ ಮೇಲೆ ಮಾಡ್ಕೊಳ್ಳೋ, ಬೆನ್ನು ಹೋಗ್ತದೆ. ಸ್ಕ್ರೂ ತಿರುಗಿಸಿದ್ರೆ ಆಯ್ತು."

"ಹೂಂ ಭಾವ" ಎಂದೆ. ಸ್ಕ್ರೂ ಮುಟ್ಟಲಿಲ್ಲ. ಜಲ್ಲಿ ದಾಟಿ ಗೇಟು ಸಿಗುವವರೆಗೂ ಬಗ್ಗಿಯೇ ತಳ್ಳಿದೆ.